ನಾಯಿಗೆ ತಾಜಾ ಊಟ: ಒಂದೂವರೆ ವರ್ಷದ ಬಳಕೆಯ ನಂತರದ ಲೆಕ್ಕ

ವಿಮರ್ಶೆಗೆ ಎತ್ತಿಕೊಂಡಿರುವುದು ಬೆಂಗಳೂರಿನಂಥ ಊರುಗಳಲ್ಲಿ ಮನೆಬಾಗಿಲಿಗೆ ಬರುವ, ಬೇಯಿಸಿ ಹೆಪ್ಪುಗಟ್ಟಿಸಿದ ನಾಯಿ ಊಟದ ಪ್ಯಾಕೆಟ್. ಜೊತೆಗೆ ಅದೇ ಊಟವನ್ನು ಮನೆಯಲ್ಲೇ ಬೇಯಿಸಿದರೆ ಏನಾಗುತ್ತದೆ ಎಂಬುದೂ ಇದೆ. ತಿಂದದ್ದು 20 ಕೆ.ಜಿ. ತೂಕದ, ಸಂತಾನಹರಣ ಮಾಡಿಸಿದ ನಾಡು ನಾಯಿ. ಹೋಲಿಸಿದ್ದು ಒಣ ಕಾಳಿನೊಂದಿಗೆ, ಅಂದರೆ ಯಾವ ಕಂಪನಿಯದಾದರೂ ಅಂಗಡಿಯಲ್ಲಿ ನಾವು ‘ಪೆಡಿಗ್ರಿ’ ಎಂದೇ ಕೇಳುವ ಆ ಕಿಬಲ್‌ನೊಂದಿಗೆ.

ಮೊದಲು ಕ್ಯಾಲೊರಿ. ಕ್ಯಾಲ್ಕುಲೇಟರಿನಲ್ಲಿ ನಾಯಿಯ ತೂಕವನ್ನು ಅದರಿಂದಲೇ ಎರಡು ಸಲ ಗುಣಿಸಿ (20×20×20), ವರ್ಗಮೂಲದ ಗುಂಡಿಯನ್ನು ಎರಡು ಸಲ ಒತ್ತಿ, ಬಂದದ್ದನ್ನು 70ರಿಂದ ಗುಣಿಸಿ. 20 ಕೆ.ಜಿ. ನಾಯಿಗೆ ಸುಮಾರು 660 ಬರುತ್ತದೆ. ಇದು ಸುಮ್ಮನೆ ಮಲಗಿದ್ದರೂ ಬೇಕಾಗುವ ಕ್ಯಾಲೊರಿ. ದಿನಕ್ಕೆರಡು ವಾಕಿಂಗ್ ಬಿಟ್ಟರೆ ಸೋಫಾ ಬಿಡದ ನಾಯಿಯಾದರೆ ಇದನ್ನು 1.4ರಿಂದ, ಓಡಾಡುವ ನಾಯಿಯಾದರೆ 1.6ರಿಂದ ಗುಣಿಸಬೇಕು. ಇಲ್ಲಿ 950 ಎಂದಿಟ್ಟುಕೊಳ್ಳೋಣ. ಒಣ ಕಾಳು 100 ಗ್ರಾಂಗೆ ಸುಮಾರು 350 ಕ್ಯಾಲೊರಿ, ತಾಜಾ ಊಟ 120ರಿಂದ 150 (ಇಲ್ಲಿನ ಲೆಕ್ಕಕ್ಕೆ 130). ಹಾಗಾಗಿ ದಿನಕ್ಕೆ 270 ಗ್ರಾಂ ಕಾಳು ಸಾಕಾಗುವ ಕಡೆ ತಾಜಾ ಊಟ 730 ಗ್ರಾಂ ಬೇಕು. ಪ್ಯಾಕೆಟ್ ಹಿಂದಿನ ಪಟ್ಟಿ ಬರೀ ತೂಕ ನೋಡಿ ಹೇಳುತ್ತದೆ, ನಾಯಿಯ ಸೋಮಾರಿತನ ಅದಕ್ಕೆ ಗೊತ್ತಿಲ್ಲ. ಆ ಪಟ್ಟಿಯನ್ನೇ ನಂಬಿದರೆ ನಾಯಿ ದಪ್ಪಗಾಗಿ ಎರಡು ತಿಂಗಳಲ್ಲಿ ಪಕ್ಕೆಲುಬು ಕೈಗೆ ಸಿಗುವುದಿಲ್ಲ.

ಬೆಲೆಯನ್ನೂ ಕೆ.ಜಿ. ಲೆಕ್ಕದಲ್ಲಿ ಹೋಲಿಸಬೇಡಿ, 1000 ಕ್ಯಾಲೊರಿಗೆ ಎಷ್ಟಾಯಿತು ನೋಡಿ. ಉದಾಹರಣೆಗೆ, ಕೆ.ಜಿ.ಗೆ 400 ರೂಪಾಯಿಯ ಕಾಳಿನಲ್ಲಿ 1000 ಕ್ಯಾಲೊರಿಗೆ ಸುಮಾರು 115 ರೂಪಾಯಿ ಬೀಳುತ್ತದೆ. 100 ಗ್ರಾಂಗೆ 60 ರೂಪಾಯಿಯ ತಾಜಾ ಪ್ಯಾಕೆಟ್ಟಿನಲ್ಲಿ ಅದೇ ಸಾವಿರಕ್ಕೆ 460. ನಾಲ್ಕು ಪಟ್ಟು! ಪ್ರೋಟೀನ್ ವಿಷಯದಲ್ಲಿ ಮೋಸ ಹೋಗುವುದು ತಿರುಗುಮುರುಗಾಗಿ. ಪ್ಯಾಕೆಟ್ಟಿನ ಮೇಲೆ 10%, ಕಾಳಿನ ಚೀಲದ ಮೇಲೆ 24% ಎಂದಿದ್ದರೆ ಕಾಳೇ ಮೇಲು ಅನ್ನಿಸುತ್ತದೆ. ನೀರು ಕಳೆದು ನೋಡಿ: 72% ನೀರಿರುವ ಪ್ಯಾಕೆಟ್ಟಿನ ಒಣ ಭಾಗದಲ್ಲಿ ಪ್ರೋಟೀನ್ ಸುಮಾರು 36%, 10% ನೀರಿರುವ ಕಾಳಿನಲ್ಲಿ 27%.

ಖರೀದಿಗೆ ಮುಂಚೆ ಲೇಬಲ್ಲಿನಲ್ಲಿ ಹುಡುಕಬೇಕಾದ ಮಾತು ‘ಕಂಪ್ಲೀಟ್ ಅಂಡ್ ಬ್ಯಾಲೆನ್ಸ್‌ಡ್’, ಅಂದರೆ ಬೇಕಾದ ಪೋಷಕಾಂಶವೆಲ್ಲ ಇದೊಂದರಲ್ಲೇ ಇದೆ ಎಂದು. ಅದೂ ಯಾವ ವಯಸ್ಸಿಗೆ ಎಂಬುದರ ಸಮೇತ ಇರಬೇಕು. ‘ಕಾಂಪ್ಲಿಮೆಂಟರಿ’ ಎಂದು ಸಣ್ಣಕ್ಷರದಲ್ಲಿದ್ದರೆ ಅದು ಉಪ್ಪಿನಕಾಯಿ ಇದ್ದ ಹಾಗೆ, ಊಟವಲ್ಲ. ದಿನದ ಕ್ಯಾಲೊರಿಯ ಹತ್ತರಲ್ಲೊಂದು ಭಾಗ ದಾಟಬಾರದು. ‘ಮನುಷ್ಯರು ತಿನ್ನುವ ದರ್ಜೆ’ ಎಂಬ ಜಾಹೀರಾತು ಶುಚಿಯ ಬಗ್ಗೆ ಏನಾದರೂ ಹೇಳಬಹುದು, ಪೋಷಕಾಂಶದ ಬಗ್ಗೆ ಏನೂ ಹೇಳುವುದಿಲ್ಲ.

ಮನೆಯಲ್ಲಿ ಬೇಯಿಸುವವರು ಎಡವುವುದೂ ಇಲ್ಲೇ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನವರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮನೆಯಡುಗೆಯ 200 ಪಾಕವಿಧಾನಗಳನ್ನು ತೂಗಿ ನೋಡಿದ್ದರು. ಅವುಗಳಲ್ಲಿ 95% ಕನಿಷ್ಠ ಒಂದು ಪೋಷಕಾಂಶದಲ್ಲಾದರೂ ಕೊರತೆಯವು. ನಮ್ಮ ಸಾಮಾನ್ಯ ಅಡುಗೆಯನ್ನೇ ತೆಗೆದುಕೊಳ್ಳಿ: ಮೂಳೆಯಿಲ್ಲದ, ಚರ್ಮ ತೆಗೆದ ಕೋಳಿ 300 ಗ್ರಾಂ, ಅಕ್ಕಿ 120 ಗ್ರಾಂ, ಸಿಹಿಗುಂಬಳ 100 ಗ್ರಾಂ, ಒಂದು ಮೊಟ್ಟೆ, ಒಂದು ಟೀ ಚಮಚ ಎಣ್ಣೆ. ಕ್ಯಾಲೊರಿ 930ರ ಆಸುಪಾಸು, ನೋಡಲೂ ಚೆನ್ನ. ಆದರೆ ಇದರಲ್ಲಿ ರಂಜಕ (ಫಾಸ್ಫರಸ್) 800–900 ಮಿಲಿಗ್ರಾಂ ಇದ್ದರೆ ಕ್ಯಾಲ್ಸಿಯಂ ನೂರರ ಹತ್ತಿರ ಮಾತ್ರ. ಬೇಕಾದದ್ದು ಸುಮಾರು 1200. ಕೊರತೆಯಾದದ್ದನ್ನು ದೇಹ ತನ್ನ ಮೂಳೆಯಿಂದಲೇ ಕಿತ್ತುಕೊಳ್ಳುತ್ತದೆ, ತಿಂಗಳುಗಟ್ಟಲೆ ಹೊರಗೆ ಏನೂ ಕಾಣಿಸುವುದಿಲ್ಲ.

ಮೊಟ್ಟೆಯ ಚಿಪ್ಪು ಇದಕ್ಕೆ ಅಗ್ಗದ ಪರಿಹಾರ. ಚಿಪ್ಪನ್ನು ತೊಳೆದು, ಹತ್ತು ನಿಮಿಷ ಕುದಿಸಿ, ಪೂರ್ತಿ ಒಣಗಿಸಿ, ಮಿಕ್ಸಿಯಲ್ಲಿ ಹಿಟ್ಟು ಮಾಡಿ ಜರಡಿ ಹಿಡಿಯಿರಿ. ಒಂದು ಗ್ರಾಂ ಪುಡಿಯಲ್ಲಿ ಸುಮಾರು 380 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಮೇಲಿನ ಅಡುಗೆಗೆ 3 ಗ್ರಾಂ ಸಾಕು. ಚಮಚದ ಅಂದಾಜು ಬೇಡ, 0.1 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಕೊಳ್ಳಿ. ‘ರಾಗಿ ಹಾಕಿದರೆ ಕ್ಯಾಲ್ಸಿಯಂ ಸಿಗುತ್ತಲ್ಲ’ ಅನ್ನುವವರಿಗೆ: ಅಕ್ಕಿಯ ಬದಲು 120 ಗ್ರಾಂ ರಾಗಿ ಹಾಕಿದರೆ ಸಿಗುವುದು 400 ಮಿಲಿಗ್ರಾಂ ಚಿಲ್ಲರೆ, ಬೇಕಾದದ್ದರ ಮೂರನೇ ಒಂದು ಪಾಲು. ಅದರಲ್ಲೂ ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಒಂದಿಷ್ಟನ್ನು ದೇಹಕ್ಕೆ ಸಿಗದಂತೆ ಕಟ್ಟಿಹಾಕುತ್ತದೆ. ರಾಗಿ ಹಾಕಿ, ಚಿಪ್ಪು ಬಿಡಬೇಡಿ. ಇಷ್ಟಾದರೂ ಸತು, ಅಯೋಡಿನ್, ವಿಟಮಿನ್ ಡಿ ಮತ್ತು ಇ ಕೊರತೆ ಉಳಿದೇ ಇರುತ್ತದೆ. ಅದಕ್ಕೆ ನಾಯಿಗೆಂದೇ ಮಾಡಿದ ಪ್ರೀಮಿಕ್ಸ್ (ವಿಟಮಿನ್, ಖನಿಜಗಳ ಮಿಶ್ರಣ) ಪುಡಿ ಬೇಕು. ಪ್ರೀಮಿಕ್ಸ್‌ನಲ್ಲೇ ಕ್ಯಾಲ್ಸಿಯಂ ಇದ್ದರೆ ಚಿಪ್ಪಿನ ಪುಡಿ ನಿಲ್ಲಿಸಿ.

ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ ಬೇಯಿಸಿದರೂ ವಿಷವೇ. ನಮ್ಮ ಮನೆಗಳಲ್ಲಿ ಇವು ಒಳನುಸುಳುವುದು ಸಾರು ಬೆರೆಸಿದ ಅನ್ನದ ಮೂಲಕ. ಬೇಯಿಸಿದ ಕೋಳಿ ಮೂಳೆ ಚೂಪಾಗಿ ಸೀಳುತ್ತದೆ, ಅದೂ ಬೇಡ.

ಬದಲಾವಣೆಗೆ ಹತ್ತು ದಿನ ತೆಗೆದುಕೊಳ್ಳಿ: ಕಾಲು ಭಾಗ ತಾಜಾ ಮೂರು ದಿನ, ಅರ್ಧ ಮೂರು ದಿನ, ಮುಕ್ಕಾಲು ಮೂರು ದಿನ, ಆಮೇಲೆ ಪೂರ್ತಿ. ಭೇದಿಯಾದರೆ ಹಿಂದಿನ ಮೆಟ್ಟಿಲಿಗೆ ಇಳಿಯಿರಿ. ಹತ್ತು ದಿನ ಕಳೆದ ಮೇಲೂ ಮಲ ಸಡಿಲವಾಗಿದ್ದರೆ ಕೊಬ್ಬು ಅಥವಾ ಲಿವರ್ ಜಾಸ್ತಿ ಇರುವ ಬಗೆಯೇ ಎಂದು ಪ್ಯಾಕೆಟ್ ತಿರುಗಿಸಿ ನೋಡಿ. ನಾಯಿ ನೀರು ಕುಡಿಯುವುದು ಕಡಿಮೆಯಾಯಿತೆಂದು ಗಾಬರಿ ಬೇಡ. 730 ಗ್ರಾಂ ಊಟದಲ್ಲೇ ಅರ್ಧ ಲೀಟರಿಗೂ ಮೀರಿ ನೀರಿದೆ. ಮೂತ್ರಕೋಶದ ಕಲ್ಲಿನ ತೊಂದರೆಯ ನಾಯಿಗಳಿಗೆ ಇದೇ ದೊಡ್ಡ ಲಾಭ. ಮಲದ ಪ್ರಮಾಣವೂ ಸಾಮಾನ್ಯವಾಗಿ ಇಳಿಯುತ್ತದೆ. ಹಲ್ಲಿನ ಪಾಚಿ ಇಳಿಯುವುದಿಲ್ಲ, ಬ್ರಷ್ ಬೇಕೇ ಬೇಕು.

ಒಂದೂವರೆ ವರ್ಷದಲ್ಲಿ ಹೆಚ್ಚು ಕಾಟ ಕೊಟ್ಟದ್ದು ಫ್ರೀಜರ್. ತಿಂಗಳಿಗೆ 22 ಕೆ.ಜಿ. ಊಟ ಎರಡು ಬಾಗಿಲಿನ ಫ್ರಿಜ್ಜಿನಲ್ಲಿ ಹಿಡಿಸದು, 10–12 ದಿನದ್ದು ತರಿಸಿಕೊಳ್ಳುವುದೇ ಸರಿ. ಪೆಟ್ಟಿಗೆ ಬಂದ ತಕ್ಷಣ ಒತ್ತಿ ನೋಡಿ. ಕಲ್ಲಿನಂತಿದ್ದರೆ ಫ್ರೀಜರ್‌ಗೆ, ಅಂಚು ಮೆತ್ತಗಾಗಿದ್ದರೂ ತಣ್ಣಗಿದ್ದರೆ ಕೆಳಗಿನ ಫ್ರಿಜ್ಜಿಗೆ ಹಾಕಿ ಎರಡು ದಿನದಲ್ಲಿ ಮುಗಿಸಿ. ಬೆಚ್ಚಗಿದ್ದರೆ ವಾಪಸ್. ಒಳಗೆ ಐಸ್ ಹರಳು ದಪ್ಪಗಿದ್ದರೆ ದಾರಿಯಲ್ಲಿ ಕರಗಿ ಮತ್ತೆ ಹೆಪ್ಪುಗಟ್ಟಿರುವ ಸಾಧ್ಯತೆಯಿದೆ. ಕರೆಂಟ್ ಹೋದಾಗ ಬಾಗಿಲು ತೆಗೆಯದಿದ್ದರೆ ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಡೆಯುತ್ತದೆ. ನಾಳೆಯ ಪ್ಯಾಕೆಟ್ಟನ್ನು ಹಿಂದಿನ ರಾತ್ರಿ ಕೆಳಕ್ಕಿಳಿಸಿ, ಅಡುಗೆಕಟ್ಟೆಯ ಮೇಲೆ ಕರಗಿಸಬೇಡಿ. ತಟ್ಟೆಯಲ್ಲಿ ಉಳಿದದ್ದನ್ನು ಎರಡು ಗಂಟೆಯೊಳಗೆ ಎತ್ತಿ, ಮಂಗಳೂರು, ಕಲಬುರಗಿಯ ಬೇಸಿಗೆಯಲ್ಲಿ ಒಂದೇ ಗಂಟೆ.

ಯಾರು ತೆಗೆದುಕೊಳ್ಳಬಹುದು? ಕಾಳು ಮೂಸಿ ಬಿಡುವ ನಾಯಿ, ನೀರು ಕುಡಿಯದ ನಾಯಿ, ಹಲ್ಲುದುರಿದ ಮುದಿ ನಾಯಿ ಇರುವವರು. ಲ್ಯಾಬ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ತಳಿಯ ಮರಿಗಳಿಗೆ ಮನೆಯಡುಗೆಯ ಪ್ರಯೋಗ ಖಂಡಿತ ಬೇಡ. ಕ್ಯಾಲ್ಸಿಯಂ ಕಡಿಮೆಯಾದರೂ ಹೆಚ್ಚಾದರೂ ಕಾಲು ಸೊಟ್ಟಗಾಗುತ್ತದೆ. ಕಿಡ್ನಿ, ಮೇದೋಜೀರಕದ ರೋಗವಿದ್ದರೆ ಪಶುವೈದ್ಯರು ಬರೆದುಕೊಟ್ಟ ಆಹಾರವೇ ಆಗಬೇಕು. ಕಾಸು ಅಷ್ಟಕ್ಕೆ ಒಗ್ಗದವರು ಒಳ್ಳೆಯ ಕಾಳನ್ನೇ ಮುಂದುವರಿಸಿ, ಅದರ 10% ಕ್ಯಾಲೊರಿ ತೆಗೆದು ಅಷ್ಟೇ ಕ್ಯಾಲೊರಿಯ ಬೇಯಿಸಿದ ಕೋಳಿ ಅಥವಾ ಮೊಟ್ಟೆ ಸೇರಿಸಿ. ತೆಗೆಯದೆ ಸೇರಿಸುವುದೇ ಎಲ್ಲರೂ ಮಾಡುವ ತಪ್ಪು.

ಪೂರ್ತಿ ತಾಜಾ ಊಟಕ್ಕೆ ಬದಲಾದ ಮೇಲೂ ದಿನಕ್ಕೊಂದು ಹಿಡಿ ಕಾಳು ಬಿಡಿಸಬೇಡಿ, ಅಷ್ಟು ಕ್ಯಾಲೊರಿ ಪ್ಯಾಕೆಟ್ಟಿನಿಂದ ಕಳೆದರಾಯಿತು. ಡೆಲಿವರಿ ತಪ್ಪಿದ ದಿನ ಹೊಟ್ಟೆ ಕೆಡದಿರುವುದು ಆ ಒಂದು ಹಿಡಿಯ ಅಭ್ಯಾಸದಿಂದ.