ಟಾರ್ಷನ್ ಬ್ಯಾಲೆನ್ಸ್ ಕಿಟ್: ತಂತಿಗೆ ಫುಲ್ ಮಾರ್ಕ್ಸ್, ಆದರೆ ಗಾಜಿನ ಗೂಡೆಲ್ಲಿ?

ನಮ್ಮ ಡಿಗ್ರಿ ಕಾಲೇಜಿನ ಲ್ಯಾಬಿಗೆ ತರಿಸಿದ ಕೂಲಾಂಬ್ ಟಾರ್ಷನ್ ಬ್ಯಾಲೆನ್ಸ್ ಕಿಟ್ ಇದು. ತಂತಿಗೆ ಕಟ್ಟಿದ ಕಡ್ಡಿಯ ತುದಿಯಲ್ಲಿ ವಿದ್ಯುತ್ ಚಾರ್ಜ್ ಮಾಡಿದ ಗುಂಡು; ಅದನ್ನು ಇನ್ನೊಂದು ಚಾರ್ಜ್ ಮಾಡಿದ ಗುಂಡು ಎಷ್ಟು ಬಲವಾಗಿ ದೂಡುತ್ತದೆ ಅಂತ ತಂತಿಯ ತಿರುಚಿನಿಂದ ಅಳೆಯುವ ಸಾಧನ. ಕಂಪನಿ ಹೆಸರು ಬೇಡ ಬಿಡಿ.

ತಂತಿ ಚೆನ್ನಾಗಿದೆ. ಸಪೂರವಾಗಿದೆ, ಮೇಲಿನ ಡಯಲ್ ತಿರುಗಿಸಿದರೆ ಎಲ್ಲೂ ಜಾರುವುದಿಲ್ಲ. ಇದೇ ಮುಖ್ಯ, ಯಾಕಂದ್ರೆ ತಂತಿಯ ದಪ್ಪ ಅರ್ಧ ಆದರೆ ತಿರುಚುವಾಗ ಅದು ತೋರುವ ಬಿಗಿ 16ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಸಾಧನ ಅಷ್ಟು ಸೂಕ್ಷ್ಮವಾಗುತ್ತದೆ. ಕಡ್ಡಿಯ ಓಲಾಟ ನಿಲ್ಲಿಸಲು ಅಲ್ಯೂಮಿನಿಯಂ ತಗಡು, ಅದರ ಎರಡೂ ಪಕ್ಕ ಮ್ಯಾಗ್ನೆಟ್. ಅದೂ ಸರಿಯಾಗಿ ಕೆಲಸ ಮಾಡುತ್ತದೆ.

ಆದರೆ ಇಡೀ ಸಾಧನ ಬಯಲಲ್ಲಿ ನಿಂತಿದೆ! 1.9 ಸೆಂ.ಮೀ. ತ್ರಿಜ್ಯದ ಗುಂಡುಗಳಿಗೆ 6 ಕಿಲೋವೋಲ್ಟ್ ಕೊಟ್ಟು 10 ಸೆಂ.ಮೀ. ದೂರ ಇಟ್ಟರೆ, ಅವು ದೂಡುವ ಬಲ ಸುಮಾರು 15 ಮಿಲಿಗ್ರಾಂ ತೂಕದಷ್ಟು. ಒಂದು ಅಕ್ಕಿ ಕಾಳಿನ ಲೆಕ್ಕ. ಫ್ಯಾನ್ ಬಿಡಿ, ಪಕ್ಕದಲ್ಲಿ ಹುಡುಗರು ಉಸಿರು ಬಿಟ್ಟರೂ ರೀಡಿಂಗ್ ಹಾಳು. 1785ರಲ್ಲಿ ಫ್ರಾನ್ಸಿನ ವಿಜ್ಞಾನಿ ಕೂಲಾಂಬ್ ಇದೇ ಕಾರಣಕ್ಕೆ ತನ್ನ ಸಾಧನವನ್ನು ಗಾಜಿನ ಸಿಲಿಂಡರಿನೊಳಗೆ ಇಟ್ಟಿದ್ದ. ಅವನ ರೀಡಿಂಗ್ ನೋಡಿ: ಗುಂಡುಗಳ ನಡುವೆ 36 ಡಿಗ್ರಿ ಇದ್ದಾಗ ತಂತಿಯ ತಿರುಚು 36, 18 ಡಿಗ್ರಿಗೆ ತಂದಾಗ 144, ಅಂದರೆ ದೂರ ಅರ್ಧವಾದಾಗ ಬಲ ಸರಿಯಾಗಿ ನಾಲ್ಕು ಪಟ್ಟು. ಎಂಟೂವರೆಗೆ ತಂದಾಗ 575.5. ನಮ್ಮ ಕಿಟ್ಟಿನಲ್ಲಿ ಡಿಜಿಟಲ್ ಪವರ್ ಸಪ್ಲೈ ಇದೆ, ಗಾಜಿನ ಗೂಡಿಲ್ಲ.

ಜೊತೆಗೆ ನಮ್ಮದು ಕರಾವಳಿ. ಮಳೆಗಾಲದಲ್ಲಿ ಸ್ಕೇಲ್ ಓದಿ ಮುಗಿಸುವಷ್ಟರಲ್ಲಿ ಚಾರ್ಜ್ ಸೋರಿಹೋಗಿರುತ್ತದೆ. ಗುಂಡು ಹಿಡಿದ ಪ್ಲಾಸ್ಟಿಕ್ ಕಡ್ಡಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ ಹೇರ್ ಡ್ರೈಯರ್ ಹಿಡಿದರೆ ಸ್ವಲ್ಪ ವಾಸಿ. ಮ್ಯಾನುಯಲ್ ಇನ್ನೊಂದು ಮಾತು ನುಂಗಿಬಿಟ್ಟಿದೆ. ಗುಂಡುಗಳನ್ನು 5 ಸೆಂ.ಮೀ.ಗೆ ತಂದರೆ ಚಾರ್ಜ್ ಆಚೆ ಪಕ್ಕಕ್ಕೆ ಸರಿದು, ಬಲ ಲೆಕ್ಕಕ್ಕಿಂತ 20%ಗೂ ಜಾಸ್ತಿ ಕಡಿಮೆ ಬರುತ್ತದೆ. ಇದನ್ನು ಹೇಳದಿದ್ದರೆ ಹುಡುಗರು ಸುಮ್ನೆ ತಂತಿಯನ್ನೇ ಬೈಯುತ್ತಾರೆ.

ಬಾಕ್ಸ್ ಮೇಲೆ 'ಸಂಶೋಧನೆಗೂ ಸೂಕ್ತ' ಅಂತ ಬೇರೆ ಇದೆ. 1903ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಟ್ರೌಟನ್ ಮತ್ತು ನೋಬಲ್, ಚಾರ್ಜ್ ಮಾಡಿದ ಕೆಪಾಸಿಟರನ್ನು (ಚಾರ್ಜ್ ಹಿಡಿದಿಡುವ ಸಾಧನ) ಸಪೂರ ತಂತಿಗೆ ತೂಗಿಬಿಟ್ಟು, ಭೂಮಿ ಈಥರ್‌ನಲ್ಲಿ (ಬೆಳಕು ಸಾಗಲು ಜಗತ್ತಿನ ತುಂಬ ಇದೆ ಅಂತ ಆಗ ನಂಬಿದ್ದ ಮಾಧ್ಯಮ) ಓಡುವುದರಿಂದ ಅದು ತಿರುಗುತ್ತದಾ ಅಂತ ನೋಡಿದ್ದರು. ತಿರುಗಲಿಲ್ಲ. ಹಾಗೆ ಗಟ್ಟಿಯಾಗಿ ಹೇಳಬೇಕಾದರೆ ಗಾಳಿ, ಶಾಖ ಎಲ್ಲವನ್ನೂ ಹೊರಗಿಟ್ಟಿರಬೇಕು, ಅಲ್ವಾ? ಈ ಕಿಟ್ ಇಟ್ಟುಕೊಂಡು ಆ ಮಾತು ಹೇಳೋ ಧೈರ್ಯ ನನಗಂತೂ ಇಲ್ಲ.

ಒಣ ಹವೆಯ ಊರಿನವರು, ಪಾಠಕ್ಕೆ ಅಂತ ತಗೊಳ್ಳಬಹುದು. ಐದಕ್ಕೆ ಮೂರು ಸ್ಟಾರ್. ಆರ್ಡರ್ ಮಾಡುವಾಗ ಎರಡು ತಂತಿ ಜಾಸ್ತಿ ಕೇಳಿ, ಗೂಡನ್ನು ಊರಲ್ಲೇ ಅಕ್ವೇರಿಯಂ ಮಾಡುವವರ ಹತ್ತಿರ ಮಾಡಿಸಿಕೊಳ್ಳಿ.