ವಿಮ್, ಹೀಲಿಕ್ಸ್, ವಿಎಸ್ ಕೋಡ್‌ನ ವಿಮ್ ಪ್ಲಗಿನ್: ಮೋಡ್ ಎಡಿಟಿಂಗ್ ಯಾವುದರಲ್ಲಿ ಕಲಿಯುವುದು?

ಒಂದು ಕಾನ್ಫಿಗ್ ಫೈಲ್, ಒಂದು ಕನ್ನಡ ಲೇಖನ. ಎರಡನ್ನೂ ಮೂರು ಕಡೆ ತೆರೆದು ಅವೇ ತಿದ್ದುಪಡಿಗಳನ್ನು ಮಾಡಿ ನೋಡಿದ ಮೇಲಿನ ಹೋಲಿಕೆ ಇದು. ವಿಮ್, ಹೀಲಿಕ್ಸ್ ಎರಡೂ ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ, ನಡೆಯುವ ಪಠ್ಯ ಎಡಿಟರ್‌ಗಳು. ಮೂರನೆಯದು ವಿಎಸ್ ಕೋಡ್ ಎಡಿಟರ್‌ಗೆ ವಿಮ್‌ನ ಕೀಲಿಗಳನ್ನು ತರುವ ಪ್ಲಗಿನ್. ತಿರುಳು ಮೂರರಲ್ಲೂ ಒಂದೇ. ನಾರ್ಮಲ್ ಮೋಡ್‌ನಲ್ಲಿ ಅಕ್ಷರದ ಕೀಲಿಗಳು ಅಕ್ಷರ ಮೂಡಿಸುವುದಿಲ್ಲ, ಆಜ್ಞೆಯಾಗಿ ಕೆಲಸ ಮಾಡುತ್ತವೆ. ‘ಐ’ ಒತ್ತಿದರೆ ಅಕ್ಷರ ಮೂಡುವ ಇನ್ಸರ್ಟ್ ಮೋಡ್, ಎಸ್ಕೇಪ್ ಒತ್ತಿದರೆ ಮತ್ತೆ ನಾರ್ಮಲ್. ಮುಂದೆ ‘ಡಿ-ಡಬ್ಲ್ಯು’ ಎಂದು ಬರೆದಲ್ಲೆಲ್ಲ ಆ ಕೀಲಿಗಳನ್ನು ಒಂದಾದ ಮೇಲೊಂದು ಒತ್ತಬೇಕು ಎಂದರ್ಥ. ನಡುವಿನ ಗೆರೆ ಕೀಲಿಯಲ್ಲ.

ನಿಜವಾದ ವ್ಯತ್ಯಾಸ ಇರುವುದು ಆಜ್ಞೆಯ ವ್ಯಾಕರಣದಲ್ಲಿ. ಉದ್ಧರಣ ಚಿಹ್ನೆಯೊಳಗಿನ ಪಠ್ಯ ಬದಲಿಸಲು ವಿಮ್‌ನಲ್ಲಿ ‘ಸಿ-ಐ-"’. ಬದಲಿಸು ಎಂಬ ಕ್ರಿಯೆ ಮೊದಲು, ಯಾವುದನ್ನು ಎಂಬುದು ಆಮೇಲೆ. ಇದು ಇಂಗ್ಲಿಷ್ ವಾಕ್ಯದ ಕ್ರಮ. ಹೀಲಿಕ್ಸ್‌ನಲ್ಲಿ ‘ಎಂ-ಐ-"’ ಒತ್ತಿದಾಗ ಆ ಭಾಗ ಸೆಲೆಕ್ಟ್ ಆಗುತ್ತದೆ, ಕಣ್ಣಿಗೆ ಕಾಣುತ್ತದೆ, ಆಮೇಲೆ ‘ಸಿ’. ‘ಇದನ್ನು ಬದಲಿಸು’: ಕರ್ಮ ಮುಂದೆ, ಕ್ರಿಯಾಪದ ಕೊನೆಗೆ, ನಾವು ಮಾತಾಡುವ ಹಾಗೆಯೇ. ಒಂದು ಕೀಲಿ ಹೆಚ್ಚು ಒತ್ತಬೇಕು ನಿಜ. ಆದರೆ ಹೊಸಬರು ಮಾಡುವ ತಪ್ಪು ಅಳಿಸುವ ಮೊದಲೇ ಕಾಣುತ್ತದೆ. ವಿಮ್‌ನಲ್ಲಿ ತಪ್ಪು ತಿಳಿಯುವುದು ಅಳಿಸಿದ ಮೇಲೆ. ಆಗ ‘ಯು’ ಒತ್ತಿ ಹಿಂದೆ ಬರಬೇಕು. ವಿಮ್‌ಗೆ ಇಲ್ಲಿ ಒಂದು ಅನುಕೂಲವೂ ಇದೆ: ಕರ್ಸರ್ ಅದೇ ಸಾಲಿನಲ್ಲಿ ಚಿಹ್ನೆಗಿಂತ ಹಿಂದಿದ್ದರೂ ‘ಸಿ-ಐ-"’ ಮುಂದಿನ ಉದ್ಧರಣಕ್ಕೆ ತಾನೇ ಹಾರುತ್ತದೆ. ಹೀಲಿಕ್ಸ್‌ನಲ್ಲಿ ಕರ್ಸರ್ ಒಳಗೇ ಇರಬೇಕು.

ಒಂದೇ ಪದವನ್ನು ಹಲವು ಕಡೆ ಬದಲಿಸುವ ಕೆಲಸದಲ್ಲಿ ಎರಡರ ಸ್ವಭಾವವೂ ಪೂರ್ತಿ ಬಯಲಾಗುತ್ತದೆ. ವಿಮ್‌ನ ದಾರಿ: ಪದದ ಮೇಲೆ ‘*’, ನಂತರ ‘ಸಿ-ಜಿ-ಎನ್’, ಹೊಸ ಪದ, ಎಸ್ಕೇಪ್. ಆಮೇಲೆ ‘.’ ಒತ್ತಿದಷ್ಟು ಸಲ ಮುಂದಿನದೂ ಬದಲಾಗುತ್ತದೆ. ಬೇಡವಾದಲ್ಲಿ ‘ಎನ್’ ಒತ್ತಿ ದಾಟಿ. ಹೀಲಿಕ್ಸ್‌ನ ದಾರಿ: ‘%’ ಒತ್ತಿ ಇಡೀ ಫೈಲ್ ಸೆಲೆಕ್ಟ್ ಮಾಡಿ, ‘ಎಸ್’ ಒತ್ತಿ ಪದ ಟೈಪ್ ಮಾಡಿ, ಎಂಟರ್. ಪದ ಇರುವ ಕಡೆಯೆಲ್ಲ ಒಂದೊಂದು ಕರ್ಸರ್. ‘ಸಿ’ ಒತ್ತಿ ಒಮ್ಮೆ ಬರೆದರೆ ಎಲ್ಲ ಕಡೆಯೂ ಬದಲು. ಒಂದು ಜಾಗ ಬಿಡಬೇಕಿದ್ದರೆ ‘)’ ಒತ್ತುತ್ತ ಅದರ ಮೇಲೆ ಬಂದು ಆಲ್ಟ್ ಹಿಡಿದು ‘,’ ಒತ್ತಿ. ಇಲ್ಲಿ ಎಲ್ಲರೂ ಎಡವುವುದು ಮುಗಿಸುವಾಗ: ಬರಿಯ ‘,’ ಒತ್ತಿ ಒಂದೇ ಕರ್ಸರ್ ಉಳಿಸಿಕೊಳ್ಳದಿದ್ದರೆ ಮುಂದೆ ಬರೆದದ್ದೆಲ್ಲ ಅಷ್ಟೂ ಕಡೆ ಮೂಡುತ್ತದೆ, ಅದೂ ತೆರೆಯ ಆಚೆ, ಕಾಣದ ಸಾಲುಗಳಲ್ಲಿ. ವಿಎಸ್ ಕೋಡ್ ಪ್ಲಗಿನ್‌ನಲ್ಲಿ ‘ಜಿ-ಬಿ’ ಒತ್ತಿದಂತೆಲ್ಲ ಅದೇ ಪದದ ಮುಂದಿನ ಜಾಗಕ್ಕೊಂದು ಕರ್ಸರ್ ಸೇರುತ್ತದೆ. ಐದಾರು ಕಡೆ ಇದ್ದರೆ ಇದೇ ಸಲೀಸು.

‘.’ ಕೀಲಿಯ ವಿಷಯದಲ್ಲಿ ವಿಮ್‌ಗೆ ಸಾಟಿ ಇಲ್ಲ. ಅಳಿಸಿದ್ದು, ಬದಲಿಸಿದ್ದು, ಸೇರಿಸಿದ್ದು, ಕೊನೆಯ ಬದಲಾವಣೆ ಯಾವುದಿದ್ದರೂ ಪೂರ್ತಿ ಮತ್ತೆ ನಡೆಯುತ್ತದೆ. ಹೀಲಿಕ್ಸ್‌ನ ‘.’ ಕೊನೆಗೆ ಸೇರಿಸಿದ ಪಠ್ಯವನ್ನಷ್ಟೇ ಮರಳಿ ಹಾಕುತ್ತದೆ, ಏಕೆಂದರೆ ಅದರ ಪ್ರಕಾರ ಪುನರಾವರ್ತನೆಯ ಕೆಲಸ ಬಹು ಸೆಲೆಕ್ಷನ್‌ಗೆ ಸೇರಿದ್ದು. ಆದರೆ ವಿಮ್‌ನಲ್ಲೂ ಒಂದು ಎಚ್ಚರ ಬೇಕು: ಇನ್ಸರ್ಟ್ ಮೋಡ್‌ನಲ್ಲಿ ಬರೆಯುತ್ತಲೇ ಬಾಣದ ಕೀಲಿ ಬಳಸಿದರೆ ಆ ಬದಲಾವಣೆ ಅಲ್ಲಿಗೆ ತುಂಡಾಗುತ್ತದೆ. ‘.’ ಕೊನೆಯ ತುಂಡನ್ನಷ್ಟೇ ಮರಳಿಸುತ್ತದೆ, ‘ಯು’ ಕೂಡ ಅಷ್ಟನ್ನೇ ರದ್ದು ಮಾಡುತ್ತದೆ.

ಎಸ್ಕೇಪ್ ಕೀಲಿ ದೂರವಿದೆ ಎಂಬ ದೂರು ಮೂರಕ್ಕೂ ಅನ್ವಯ. ಬಿಲ್ ಜಾಯ್ 1976ರ ಸುಮಾರಿಗೆ ವಿಮ್‌ನ ಪೂರ್ವಜ ವಿಐ ಬರೆದದ್ದು ಎಡಿಎಂ-3ಎ ಟರ್ಮಿನಲ್‌ನಲ್ಲಿ. ಅದರಲ್ಲಿ ಎಸ್ಕೇಪ್ ಇದ್ದದ್ದು ಇವತ್ತಿನ ಟ್ಯಾಬ್ ಜಾಗದಲ್ಲಿ, ಬಾಣಗಳನ್ನು ಅಚ್ಚು ಹಾಕಿದ್ದು ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆ. ಹಾಗಾಗಿ ಕ್ಯಾಪ್ಸ್ ಲಾಕ್ ಅನ್ನು ಎಸ್ಕೇಪ್ ಮಾಡಿಕೊಳ್ಳುವುದೇ ಮೊದಲ ಕೆಲಸ. ಇದರಿಂದ ಇನ್ನೊಂದು ಕಾಟವೂ ತಪ್ಪುತ್ತದೆ: ಕ್ಯಾಪ್ಸ್ ಲಾಕ್ ಆನ್ ಇದ್ದು ವಿಮ್‌ನಲ್ಲಿ ‘ಜೆ’ ಒತ್ತಿದರೆ ಕರ್ಸರ್ ಕೆಳಗಿಳಿಯುವ ಬದಲು ಸಾಲುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಟರ್ಮಿನಲ್‌ನಲ್ಲಿ ಕಂಟ್ರೋಲ್-ಎಸ್ (ಇಲ್ಲಿ ಕಂಟ್ರೋಲ್ ಹಿಡಿದೇ ಎಸ್) ಒತ್ತಿ ತೆರೆ ಸ್ತಬ್ಧವಾದರೆ ಕಂಟ್ರೋಲ್-ಕ್ಯು ಒತ್ತಿ. ವಿಮ್ ಕೆಟ್ಟಿಲ್ಲ, ಟರ್ಮಿನಲ್ ಔಟ್‌ಪುಟ್ ತಡೆದಿದೆ ಅಷ್ಟೆ.

ಕನ್ನಡ ಬರೆಯುವವರಿಗೆ ದೊಡ್ಡ ತೊಡಕು ಬೇರೆಯೇ. ಕನ್ನಡ ಇನ್‌ಪುಟ್ ಆನ್ ಇಟ್ಟು ಎಸ್ಕೇಪ್ ಒತ್ತಿದಿರಿ ಎನ್ನಿ. ಮೋಡ್ ನಾರ್ಮಲ್ ಆಯಿತು, ಆದರೆ ‘ಜೆ’ ಒತ್ತಿದರೆ ಎಡಿಟರ್‌ಗೆ ತಲುಪುವುದು ‘ಜ’. ಏನೂ ನಡೆಯುವುದಿಲ್ಲ. ಪ್ಲಗಿನ್‌ನಲ್ಲಿ ಇದಕ್ಕೆಂದೇ ‘ಆಟೊ ಸ್ವಿಚ್ ಇನ್‌ಪುಟ್ ಮೆಥಡ್’ ಸೆಟ್ಟಿಂಗ್ ಇದೆ. ಭಾಷೆ ಬದಲಿಸುವ ಪ್ರೋಗ್ರಾಂನ ಹೆಸರು ಕೊಟ್ಟರೆ ಮೋಡ್ ಜೊತೆಗೆ ಕೀಲಿಮಣೆಯೂ ಬದಲಾಗುತ್ತದೆ. ವಿಮ್‌ನಲ್ಲಿ ಇನ್ಸರ್ಟ್ ಮೋಡ್ ಬಿಟ್ಟಾಗ ತಾನೇ ನಡೆಯುವ ‘ಇನ್ಸರ್ಟ್‌ಲೀವ್’ ಎಂಬ ಆಟೊಕಮಾಂಡ್‌ಗೆ, ಲಿನಕ್ಸ್‌ನಲ್ಲಿ ಇನ್‌ಪುಟ್ ಭಾಷೆ ನೋಡಿಕೊಳ್ಳುವ ಐಬಸ್ ಅನ್ನು ಇಂಗ್ಲಿಷ್‌ಗೆ ತರುವ ಆಜ್ಞೆ ಕಟ್ಟಬಹುದು. ಹೀಲಿಕ್ಸ್‌ನಲ್ಲಿ ಸಾಮಾನ್ಯವಾಗಿ ಕೈಯಿಂದಲೇ ಬದಲಿಸಬೇಕು. ಇನ್ನು ಅಳಿಸುವಿಕೆ: ವಿಮ್‌ನ ‘ಎಕ್ಸ್’ ವ್ಯಂಜನವನ್ನು ಅದರ ಗುಣಿತ ಚಿಹ್ನೆ ಸಮೇತ ತೆಗೆಯುತ್ತದೆ, ಆದರೆ ಒತ್ತಕ್ಷರವನ್ನು ಬೇರೆ ಅಕ್ಷರವೆಂದೇ ಎಣಿಸುತ್ತದೆ. ‘ಸ್ತ್ರೀ’ ಅಳಿಸಲು ಮೂರು ಸಲ ‘ಎಕ್ಸ್’ ಒತ್ತಬೇಕು. ಚಿಹ್ನೆಯನ್ನಷ್ಟೇ ತೆಗೆಯಬೇಕಿದ್ದರೆ ‘ಡೆಲ್‌ಕಂಬೈನ್’ ಆಯ್ಕೆ ಆನ್ ಮಾಡಿ. ಹಲವು ಟರ್ಮಿನಲ್‌ಗಳಲ್ಲಿ ಒತ್ತಕ್ಷರ ಒಡೆದು ಕಾಣುತ್ತದೆ. ವಿಎಸ್ ಕೋಡ್‌ನಲ್ಲಿ ಸರಿಯಾಗಿ ಮೂಡುತ್ತದೆ. ಉದ್ದದ ಕನ್ನಡ ಬರಹಕ್ಕೆ ಪ್ಲಗಿನ್ ದಾರಿಯೇ ವಾಸಿ ಎಂದು ಅನುಮಾನವಿಲ್ಲದೆ ಹೇಳಬಹುದು.

ಪ್ಲಗಿನ್‌ನ ಕಿರಿಕಿರಿ ಕಂಟ್ರೋಲ್ ಕೀಲಿಗಳಲ್ಲಿದೆ. ಕಂಟ್ರೋಲ್-ಎಫ್ ಹುಡುಕಾಟದ ಬದಲು ಪುಟ ಇಳಿಸುತ್ತದೆ. ‘ಹ್ಯಾಂಡಲ್ ಕೀಸ್’ ಸೆಟ್ಟಿಂಗ್‌ನಲ್ಲಿ ಬೇಡವಾದವನ್ನು ಒಂದೊಂದಾಗಿ ಬಿಡಿಸಿಕೊಳ್ಳಿ. ಕಾಪಿ ಮಾಡಿದ್ದು ಹೊರಗೆ ಪೇಸ್ಟ್ ಆಗದಿದ್ದರೆ ಸಿಸ್ಟಂ ಕ್ಲಿಪ್‌ಬೋರ್ಡ್ ಸೆಟ್ಟಿಂಗ್ ಆನ್ ಮಾಡಿ, ಹೀಲಿಕ್ಸ್‌ನಲ್ಲಾದರೆ ‘ಸ್ಪೇಸ್-ವೈ’, ವಿಮ್‌ನಲ್ಲಿ ‘"-+-ವೈ’.

ಸರ್ವರ್‌ಗಳಿಗೆ ಲಾಗಿನ್ ಆಗುವ ಕೆಲಸವಿದ್ದರೆ ಆಯ್ಕೆಯೇ ಇಲ್ಲ, ವಿಮ್ ಕಲಿಯಿರಿ. ವಿಐ ಯುನಿಕ್ಸ್ ಮಾದರಿಯ ವ್ಯವಸ್ಥೆಗಳ ಪಾಸಿಕ್ಸ್ ಮಾನದಂಡದಲ್ಲೇ ಸೇರಿದೆ, ಹೀಲಿಕ್ಸ್ ಅನ್ನು ಎಲ್ಲೆಡೆ ಇನ್‌ಸ್ಟಾಲ್ ಮಾಡಬೇಕು. ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಕೋಡ್ ಬರೆಯುವವರಿಗೆ, ಕಾನ್ಫಿಗ್ ಫೈಲ್ ತಿದ್ದುತ್ತ ಕೂರುವುದು ಬೇಡ ಎನ್ನುವವರಿಗೆ ಹೀಲಿಕ್ಸ್ ಒಪ್ಪುತ್ತದೆ. ವಿಮ್‌ಟ್ಯೂಟರ್ ಅರ್ಧ ಗಂಟೆಯ ಪಾಠ. ಹೀಲಿಕ್ಸ್ ತನ್ನದೇ ಟ್ಯೂಟರ್ ಜೊತೆಗೇ ಬರುತ್ತದೆ. ಮೂರು ದಿನ ಅದನ್ನೇ ಮಾಡಿ, ಮೊದಲ ವಾರ ಹತ್ತು ಆಜ್ಞೆ ದಾಟಬೇಡಿ.

ವಿಮ್, ಹೀಲಿಕ್ಸ್ ಎರಡನ್ನೂ ಒಟ್ಟಿಗೆ ಮಾತ್ರ ಶುರು ಮಾಡಬೇಡಿ. ‘ಡಿ-ಡಿ’ ವಿಮ್‌ನಲ್ಲಿ ಒಂದು ಸಾಲು ಅಳಿಸಿದರೆ ಹೀಲಿಕ್ಸ್‌ನಲ್ಲಿ ಸೆಲೆಕ್ಷನ್ ಹೋಗಿ, ಅದರ ಬೆನ್ನಿಗೆ ಇನ್ನೊಂದು ಅಕ್ಷರವೂ ಹೋಗುತ್ತದೆ. ಹೀಲಿಕ್ಸ್‌ನಲ್ಲಿ ಸಾಲು ಅಳಿಸುವ ‘ಎಕ್ಸ್-ಡಿ’ಯನ್ನು ವಿಮ್‌ನಲ್ಲಿ ಒತ್ತಿದರೆ ಒಂದು ಅಕ್ಷರ ಅಳಿದು, ‘ಡಿ’ ಮುಂದಿನ ಕೀಲಿಗಾಗಿ ಕಾಯುತ್ತ ನಿಲ್ಲುತ್ತದೆ.