ಕಾಟ್ಲಾದ ಅಪ್ಪ ಯಾರು? ಮೀನಿನ ಅಕ್ಕ, ಕೈಪಿಡಿ ಮತ್ತು ಡಿಎನ್‌ಎ

ಧಾರವಾಡದಲ್ಲಿ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುವಾಗ ಯಾವ ಜಾತಿ ಅಂತ ತಿಳಿಯಲು ಪ್ರತಿ ಮೀನನ್ನೂ ಮೂರು ಕಡೆ ತೋರಿಸಿದೆ. ಹುಬ್ಬಳ್ಳಿ ಗಣೇಶಪೇಟೆಯ ಮೀನು ಮಾರುವ ಅಕ್ಕನಿಗೆ, ರೆಕ್ಕೆಯ ಕಡ್ಡಿ ಎಣಿಸಿ, ಬಾಯಿ ನೋಡಿ ಮೀನು ಗುರುತಿಸುವ ಲ್ಯಾಬಿನ ಹಳೇ ಕೈಪಿಡಿಗೆ, ಆಮೇಲೆ ಡಿಎನ್‌ಎ ಪರೀಕ್ಷೆಗೆ.

ಮೊದಲು ಕಾರವಾರದಿಂದ ಬಂದ ಸುರಮೈ ಎಂಬ ಸಮುದ್ರದ ಮೀನು. ತಲೆ, ಚರ್ಮ ಎರಡೂ ಇಲ್ಲದ ತುಂಡು. ಕೈಪಿಡಿ ಅಲ್ಲೇ ಕೈಚೆಲ್ಲಿತು. ರೆಕ್ಕೆಯೇ ಇಲ್ಲದ ಮೇಲೆ ಏನು ಎಣಿಸುವುದು? "ಸುರಮೈನ ಐತಿ, ತಗೋ" ಅಂದರು ಅಕ್ಕ. ಮಾರುವವರು ಇನ್ನೇನು ಅಂದಾರು! ಡಿಎನ್‌ಎ ಮಾತ್ರ ಸರಿಯಾಗಿ ಜಾತಿ ಹೇಳಿತು. ಸಿಒಐ ಎಂಬ ಜೀನಿನ ಸುಮಾರು 650 ಅಕ್ಷರ (ಡಿಎನ್‌ಎಯ ಎ, ಟಿ, ಜಿ, ಸಿ) ಓದಿ, ಡೇಟಾಬೇಸಿನಲ್ಲಿರುವ ಮೀನುಗಳ ಜೊತೆ ತಾಳೆ ನೋಡುತ್ತಾರೆ. 2003ರಲ್ಲಿ ಕೆನಡಾದ ಪಾಲ್ ಹೆಬರ್ಟ್ ತಂಡ ಮುಂದಿಟ್ಟ ವಿಧಾನ ಇದು. ಡೇಟಾಬೇಸಿನಲ್ಲಿ ಇಲ್ಲದ ಮೀನಾದರೆ ಹತ್ತಿರದ ನೆಂಟನ ಹೆಸರು ಬರುತ್ತದೆ. ಯಾರೋ ತಪ್ಪು ಹೆಸರಲ್ಲಿ ಸೇರಿಸಿದ್ದರೆ ಆ ತಪ್ಪೇ ನಮಗೂ. ಕೆಲವು ಟ್ಯೂನಾ ಜಾತಿಗಳಲ್ಲಂತೂ ಆ 650 ಅಕ್ಷರ ಹೆಚ್ಚುಕಡಿಮೆ ಒಂದೇ ಥರ. ಆದರೂ ತುಂಡು ಮೀನಿಗೆ ನನ್ನ ಓಟು ಇದಕ್ಕೇ.

ಪಂಚಾಯ್ತಿ ಶುರುವಾದದ್ದು ಹಾವೇರಿ ಕಡೆಯ ಕೆರೆಯ ಕಾಟ್ಲಾದಿಂದ. ಡಿಎನ್‌ಎ ವರದಿ 'ಲೇಬಿಯೋ ಕಾಟ್ಲಾ' ಅಂದಿತು. ಕೈಪಿಡಿಯಲ್ಲಿ ಹುಡುಕಿದರೆ ಆ ಹೆಸರೇ ಇಲ್ಲ, ಅಲ್ಲಿರುವುದು 'ಕಾಟ್ಲಾ ಕಾಟ್ಲಾ'. ಎರಡೂ ಒಂದೇ ಮೀನು, ಹೆಸರು ಬದಲಾಗಿದೆ ಅಷ್ಟೆ. ಸುಮ್ನೆ ಅರ್ಧ ದಿನ ಹೋಯಿತು. ಅಕ್ಕ ಮೀನನ್ನು ಒಮ್ಮೆ ಹೊರಳಿಸಿದರು. "ತಮ್ಮಾ, ಕಾಟ್ಲಾಕ್ಕ ತಲಿ ಇಷ್ಟ ಸಣ್ಣದ ಇರ್ತೈತೇನು? ಬೆರಕಿ ಐತಿದು."

ಮತ್ತೆ ಕೈಪಿಡಿ ತೆಗೆದೆ. ಕಾಟ್ಲಾದ ಬಾಯಿ ಮೇಲಕ್ಕೆ ತಿರುಗಿರುತ್ತದೆ. ಅದರ ನೆಂಟ ರೋಹು ಮೀನಿನದು ಕೆಳಕ್ಕೆ, ತುಟಿಗೆ ಝಾಲರಿ ಬೇರೆ. ನನ್ನದು ಇವೆರಡರ ನಡುವೆ ಎಲ್ಲೋ ಇತ್ತು. ಮರಿ ಮಾಡುವ ಕಡೆ ಎರಡೂ ಜಾತಿಯನ್ನು ಒಂದೇ ತೊಟ್ಟಿಯಲ್ಲಿ ಮೊಟ್ಟೆ ಇಡಲು ಬಿಟ್ಟರೆ ಹೀಗೆ ಬೆರಕೆ ಆಗುತ್ತದೆ. ಸಿಒಐ ಮೈಟೊಕಾಂಡ್ರಿಯಾದ (ಜೀವಕೋಶಕ್ಕೆ ಶಕ್ತಿ ಕೊಡುವ ಭಾಗದ) ಜೀನು, ಬರುವುದು ತಾಯಿಯಿಂದ ಮಾತ್ರ. ಅಂದರೆ ವರದಿ ಸುಳ್ಳು ಹೇಳಿಲ್ಲ, ಅವ್ವನ ಹೆಸರು ಹೇಳಿದೆ! ಅಪ್ಪ ರೋಹು ಹೌದೋ ಅಲ್ಲವೋ ಅಂತ ತಿಳಿಯಲು ಅಪ್ಪ ಅವ್ವ ಇಬ್ಬರಿಂದಲೂ ಬರುವ ನ್ಯೂಕ್ಲಿಯರ್ ಜೀನು ನೋಡಬೇಕು. ಅದಕ್ಕೆ ಬೇರೆ ದುಡ್ಡು. ಇಡೀ ಮೀನು ಕೈಯಲ್ಲಿದ್ದರೆ ನಾನೀಗ ಮೊದಲು ಹೋಗುವುದು ಗಣೇಶಪೇಟೆಗೇ.

ಕೊನೆಗೆ ಖಾನಾವಳಿಯ ಹುರಿದ ತುಂಡು. ಕಾದ ಎಣ್ಣೆಯಲ್ಲಿ ಡಿಎನ್‌ಎ ಚೂರುಚೂರಾಗಿತ್ತು, 650 ಅಕ್ಷರದ ಉದ್ದ ಸಿಗಲೇ ಇಲ್ಲ. ಗಿಡ್ಡ ತುಣುಕು ಓದುವ ಪರೀಕ್ಷೆಯೂ ಇದೆ, ನಾನು ಮಾಡಿಸಲಿಲ್ಲ. ಕೈಪಿಡಿಯನ್ನು ತೆರೆಯಲೇ ಇಲ್ಲ. ಅಕ್ಕನಿಗೆ ತೋರಿಸಿದೆ. ಮೂಸಿ ನೋಡಿ, "ಉಪ್ಪು ಜಾಸ್ತಿ ಆಗೇತಿ" ಅಂದರು.